ಗಾಜಿನೊಳಗಿನ ನವಿಲಂಚು

ಅಪ್ಪನನ್ನು ನಾವು ನಾನ್ನ ಎನ್ನುತ್ತೇವೆ. ನಾನ್ನ ಚಳ್ಳಕೆರೆಗೆ ಬಂದರೆ ಮೊದಲು ನನ್ನ ಹತ್ತಿರ ಬರುತ್ತಿರಲಿಲ್ಲ. ನಾನು ಕೆಲಸಕ್ಕಿದ್ದ ಬಟ್ಟೆ ಅಂಗಡಿಯ ಎದುರಿಗೆ ರಸ್ತೆಯಲ್ಲಿ ನಿಂತು ಗಾಜಿನೊಳಗಿನ ಬೊಂಬೆಯನ್ನು ನೋಡುತ್ತಿದ್ದರು. ಬೊಂಬೆಗೆ ಉಡಿಸಿದ್ದು ಅವರೇ ಮೊಳಕಾಲ್ಮೂರಿನ ನಮ್ಮ ಮನೆಯ ಮಗ್ಗದಲ್ಲಿ ನೇಯ್ದ ನವಿಲಂಚಿನ ರೇಷ್ಮೆ ಸೀರೆ. ನನಗೆ ಒಳಗಿನಿಂದ ಕಾಣಿಸಿದರೂ ನಾನು ಕರೆಯುತ್ತಿರಲಿಲ್ಲ. ನೋಡಿಕೊಳ್ಳಲಿ ಅನ್ನಿಸುತ್ತಿತ್ತು.

"ಇನ್ನೂ ಅದೇ ಸೀರೆ ಐತಲ್ಲ ಶ್ರೀವಾಣಿ. ಯಾರೂ ಒಯ್ಯಲಿಲ್ವಾ?"

"ಇಲ್ಲ ನಾನ್ನಾ."

"ಬಣ್ಣ ಜಾಸ್ತಿ ಆಯ್ತೇನೋ," ಎಂದು ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

ಗಿರಾಕಿಗಳು ಆ ಸೀರೆಯನ್ನು ಕೇಳುತ್ತಿದ್ದರು. ಅಂಥದ್ದು ಇನ್ನೂ ಬರಬೇಕು, ಸದ್ಯಕ್ಕೆ ಒಳಗಿರುವುದನ್ನು ನೋಡಿ ಎನ್ನಬೇಕೆಂದು ಅಂಗಡಿಯವರು ನಮಗೆ ಹೇಳಿಕೊಟ್ಟಿದ್ದರು. ಬರುತ್ತದೆ ಎಂದೇ ನಾನೂ ನಂಬಿದ್ದೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಪನಿಯವರು ಚಳ್ಳಕೆರೆಯಲ್ಲಿ ದೊಡ್ಡ ಬಟ್ಟೆ ಅಂಗಡಿ ತೆಗೆದಾಗ, ಸೀರೆ ಗೊತ್ತಿರುವ ಹುಡುಗಿ ಬೇಕೆಂದು ಮ್ಯಾನೇಜರ್ ಜುಲ್ಫಿಕರ್ ಸಾರ್ ನನ್ನನ್ನು ತೆಗೆದುಕೊಂಡರು. ಅಂಗಡಿಯ ಬೇರೆ ಹುಡುಗಿಯರ ಜೊತೆ ಬಾಡಿಗೆ ಕೋಣೆಯಲ್ಲಿದ್ದೆ. ರಜೆಗೆ ಬಸ್ಸು ಹಿಡಿದು ಊರಿಗೆ ಹೋಗುತ್ತಿದ್ದೆ. "ಗಿರಾಕಿ ಹತ್ರ ನಾಲ್ಕು ಮಾತಾಡಮ್ಮಾ ತಾಯಿ. ನಿನಗಿಂತ ಆ ಬೊಂಬೆನೇ ವಾಸಿ, ನಿಂತಲ್ಲೇ ಜನಾನ ಕರೀತೈತೆ," ಎಂದು ಸಾರ್ ನಗುತ್ತಿದ್ದರು.

ಆ ವರ್ಷ ಕಂಪನಿಯವರು ಸುತ್ತಲ ಊರುಗಳಲ್ಲೆಲ್ಲ ಅಂಗಡಿ ತೆರೆಯಲು ಹೊರಟರು. ಒಂದೊಂದು ಹೊಸ ಅಂಗಡಿಗೂ ಒಂದೊಂದು ನವಿಲಂಚಿನ ಸೀರೆ ಬೇಕೆಂದು ನಾನ್ನನಿಗೆ ಆರ್ಡರ್ ಬಂತು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯಲು ಹೋಗಿದ್ದ ನಾಗಾರ್ಜುನ ಬಾವನಿಗೆ ನಾನ್ನ ಹೇಳಿ ಕಳಿಸಿದರು. ಅಮ್ಮನ ಅಣ್ಣನ ಮಗ. ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ನೇಯ್ಗೆ ಕಲಿತವನು. ನಮ್ಮ ಎರಡನೆಯ ಮಗ್ಗ ಅವನದೇ.

ನಮ್ಮಲ್ಲಿ ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಹಾಸು ಮುಗಿದು ಸೀರೆಯನ್ನು ಕತ್ತರಿಸಿ ತೆಗೆದರೂ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಡುತ್ತೇವೆ. ಹೊಸ ಹಾಸು ಬಂದಾಗ ಹೆಂಗಸರು ಬೆರಳಿಗೆ ಬೂದಿ ಹಚ್ಚಿಕೊಂಡು ಕೂತು, ಹಳೆಯ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾರೆ. ತುದಿ ಬಿಟ್ಟು ಹೋದ ನೇಕಾರ ತಿರುಗಿ ಬರುತ್ತಾನೆ ಎಂದೇ ಲೆಕ್ಕ. ಬಾವ ಬಳ್ಳಾರಿಗೆ ಹೋಗುವಾಗ ತುದಿ ಬಿಟ್ಟೇ ಹೋಗಿದ್ದ. ಅವನಿಲ್ಲದಾಗ ಅದರ ಮೇಲೆ ಧೂಳು ಕೂರದಂತೆ ಬಟ್ಟೆ ಹೊದಿಸಿ ಇಟ್ಟಿದ್ದವಳು ನಾನು.

ಅವನು ಬಂದ ಮೇಲೆ ಆ ತುದಿಗಳಿಗೆ ಹೊಸ ಎಳೆ ಹೊಸೆಯಲು ನಾನೇ ಕೂತೆ.

"ಮೆಲ್ಲಗೆ ಹೊಸಿಯೇ. ಕಂಪನಿಯೋರಂಗೆ ಅವಸರ ಮಾಡ್ಬೇಡ."

"ಪ್ಯಾಂಟು ಹೊಲಿದು ಕೈ ಒರಟು ಮಾಡ್ಕೊಂಡು ಬಂದು ನನಗೆ ಹೇಳ್ತೀಯಾ?"

"ಅತ್ತೇ, ಬನ್ರಿ ಇಲ್ಲಿ! ಇವಳಿಗೆ ಮಾತು ಬರ್ತೈತೆ!"

ಒಲೆಯ ಹತ್ತಿರ ಅಮ್ಮ ನಕ್ಕರು. ಬಾವ ತಗ್ಗಿದ ದನಿಯಲ್ಲಿ, "ಇದು ಮುಗೀಲಿ. ನಿನ್ನ ಸೀರೆ ನಾನೇ ನೇಯ್ತೀನಿ," ಎಂದ. ಎರಡು ಮಗ್ಗವೂ ನಡೆಯುತ್ತಿದ್ದರೆ ಬೇಸಿಗೆಗೆ ನಮ್ಮ ಮದುವೆ ಎಂದು ನಾನ್ನ ಹೇಳಿಬಿಟ್ಟಿದ್ದರು. ಕೆಲಸ ನಿಂತರೆ ಬಾವ ನಿಲ್ಲುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಆ ಹಾಸು ಅರ್ಧ ನೇಯ್ದಾಗಿದ್ದಾಗ ಹೆಡ್ಡಾಫೀಸಿನವರು ಅಂಗಡಿಗೆ ಬಂದು ಮಹಡಿಯ ಮೇಲೆ ಮೀಟಿಂಗ್ ಮಾಡಿದರು. ಗೋಡೆಯ ಮೇಲೆ ವ್ಯಾಪಾರದ ಲೆಕ್ಕದ ಬಣ್ಣಬಣ್ಣದ ಗೆರೆಗಳು ಬೆಳಕಿನಲ್ಲಿ ಮೇಲಕ್ಕೆ ಹೋಗುತ್ತಿದ್ದವು. ಎರಡು ಸೀರೆ ಹಿಡಿದು ನಿಲ್ಲಲು ನನ್ನನ್ನು ಕರೆದಿದ್ದರು. ಒಂದು ಕೈಯಲ್ಲಿ ನಾನ್ನನದು. ಇನ್ನೊಂದರಲ್ಲಿ ಅದನ್ನೇ ನೋಡಿ ಎಲ್ಲಿಯೋ ಪವರ್‌ಲೂಮಿನಲ್ಲಿ ಮಾಡಿಸಿದ್ದು.

ಕನ್ನಡಕದ ಅಧಿಕಾರಿ ನಾನ್ನನ ಸೀರೆಯತ್ತ ಕೈ ತೋರಿಸಿ ಹೇಳಿದರು: "ಇದನ್ನ ನೋಡಿ ಒಳಗೆ ಬರ್ತಾರೆ. ಅದನ್ನ ಕೊಂಡ್ಕೊಂಡು ಹೋಗ್ತಾರೆ. ಈ ಗೆರೆ ಹೀಗೆ ಏರಿರೋದೇ ಅದರಿಂದ."

"ಸಾರ್, ಬೊಂಬೆ ಮೇಲಿರೋದನ್ನೇ ಕೇಳೋರು ಇದಾರೆ. ಮಾರೋಕೂ ಸ್ವಲ್ಪ ನೇಯಿಸೋಣ," ಎಂದರು ಜುಲ್ಫಿಕರ್ ಸಾರ್.

"ಮಗ್ಗನ ಕಾಯ್ತಾ ಕೂತ್ರೆ ನಾವು ಬೆಳೆಯೋದು ಯಾವಾಗ? ಅಂಗಡಿಗೊಂದು ಸಾಕು. ಬೊಂಬೆ ಸೀರೆ ಹರಿಯಲ್ಲ. ಈ ಆರ್ಡರ್ ಮುಗಿದ ಮೇಲೆ ಮತ್ತೆ ಬೇಡ." ಆಮೇಲೆ ನನ್ನ ಕಡೆ ತಿರುಗಿದರು. "ಕೈ ನೋಯ್ತಿದೆಯಾ? ಕೆಳಗಿಡಮ್ಮ."

ಒಳ್ಳೆಯ ಮಾತೇ. ಆದರೆ ನಾನ್ನನ ಸೀರೆಯನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.

ರಜೆಗೆ ಹೋದಾಗ ಒಂದು ಗಳಿಗೆ ಮಗ್ಗ ನಿಲ್ಲಿಸಿ ಎಂದು ಹೇಳಿ, ಕೇಳಿದ್ದನ್ನೆಲ್ಲ ಹೇಳಿದೆ. ಅಷ್ಟು ಉದ್ದ ನಾನು ಯಾವತ್ತೂ ಮಾತಾಡಿರಲಿಲ್ಲ.

ನಾನ್ನ ತಮ್ಮ ಕೈಯನ್ನೊಮ್ಮೆ ನೋಡಿಕೊಂಡು, "ಹಂಗಾದ್ರೆ ಬಣ್ಣದ ತಪ್ಪಲ್ಲ," ಎಂದರು. ಅವರ ಮುಖದಲ್ಲಿ ಸಮಾಧಾನವೇ ಕಂಡಿತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಬಾವ ಕೇಳಿದ: "ಒಳಗಿನ ಆ ಸೀರೆ ಯಾರು ಮಾರ್ತಾರೆ ಅಲ್ಲಿ?"

ನಾನು ಮಗ್ಗದ ಹೊದಿಕೆಯನ್ನು ಮಡಚತೊಡಗಿದೆ.

"ನೀನೇ ಅಲ್ವಾ?"

ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ನಾನ್ನ ಊರಿನ ಸೀರೆ ವ್ಯಾಪಾರಿಗಳನ್ನೆಲ್ಲ ಕೇಳಿ ಬಂದರು. ಕಂಪನಿಯ ಅಂಗಡಿಯಲ್ಲಿ ಅದೇ ನವಿಲು ಕಡಿಮೆಗೆ ಸಿಗುವಾಗ ನಿಮ್ಮದನ್ನು ಯಾರು ಕೊಳ್ಳುತ್ತಾರೆ ಚಿತ್ತಯ್ಯಾ ಎಂದು ನಾನ್ನನನ್ನೇ ಕೇಳಿದರಂತೆ. ಬಾವ ತನ್ನ ಪಾಲಿನ ಸೀರೆಗಳನ್ನು ಒಂದೂ ಬಿಡದೆ ನೇಯ್ದು ಮುಗಿಸಿದ.

ಮುಂದಿನ ಸಲ ನಾನು ಊರಿಗೆ ಹೋದಾಗ ಅವನಿರಲಿಲ್ಲ.

"ಬೆಳಿಗ್ಗೆ ಬಳ್ಳಾರಿಗೆ ಹೋದ. ದೀಪಾವಳಿಗೆ ಬರ್ತೀನಿ ಅಂದಾನೆ. ಬರ್ತಾನೆ ಬಿಡು," ಎಂದರು ಅಮ್ಮ, ರೊಟ್ಟಿ ತಟ್ಟುತ್ತಲೇ.

ಮಗ್ಗದ ಮೇಲೆ ಬಟ್ಟೆ ಹೊದಿಸಿತ್ತು. ನಾನು ಹೊದಿಸುತ್ತಿದ್ದ ಹಾಗೆಯೇ, ಅಂಚು ಒಳಕ್ಕೆ ಮಡಚಿ. ಎತ್ತಿ ನೋಡಿದೆ. ಎಳೆಯ ತುದಿ ಒಂದೂ ಇರಲಿಲ್ಲ. ಎಲ್ಲವನ್ನೂ ಎಳೆದು ತೆಗೆದಿದ್ದ. ನಾನು ಬೂದಿ ಹಚ್ಚಿಕೊಂಡು ಹೊಸೆದವೂ ಅವುಗಳ ಜೊತೆಗೇ ಹೋಗಿದ್ದವು.

ಅಮ್ಮ ಅದನ್ನು ನೋಡಿರಲಿಲ್ಲ. ನಾನು ಬಟ್ಟೆಯನ್ನು ಮೊದಲಿನಂತೆ ಹೊದಿಸಿದೆ.

ದೀಪಾವಳಿಗೆ ಮೊದಲು ಹಳೆಯ ಸೀರೆ ಬಿಸಿಲಿಗೆ ಮಾಸಿದೆಯೆಂದು ಬೊಂಬೆಗೆ ಬೇರೆ ಉಡಿಸಲು ಸಾರ್ ಹೇಳಿದರು. ಗೋಡೌನಿನಿಂದ ಬಂದ ಪೆಟ್ಟಿಗೆ ಬಿಚ್ಚಿದರೆ ಬಾವ ನೇಯ್ದದ್ದು. ಸೆರಗು ಶುರುವಾಗುವ ಕಡೆ ಅವನು ಯಾವಾಗಲೂ ಮಗ್ಗದ ಒಂದು ಪೆಟ್ಟು ಜೋರಾಗಿ ಹೊಡೆಯುತ್ತಾನೆ, ಬೆರಳಿಗೆ ಗೊತ್ತಾಗುತ್ತದೆ. ನೆರಿಗೆ ಹಿಡಿದೆ. ಸೆರಗು ಹೊದಿಸಿ ಹೆಗಲಿಗೆ ಪಿನ್ನು ಚುಚ್ಚಿದೆ.

ನಾಯಕನಹಟ್ಟಿ ಕಡೆಯ ಒಬ್ಬಾಕೆ ಮಗಳನ್ನು ಕರೆದುಕೊಂಡು ಬಂದು ಗಾಜಿನ ಮೇಲೆ ಕೈಯಿಟ್ಟರು. "ಮದುವೆ ಸೀರೆ ಅಂದ್ರೆ ಇದು ನೋಡು. ಇದನ್ನೇ ತೆಗಿಯವ್ವ."

"ಅದು ಮಾರೋದಲ್ಲ ಅಕ್ಕ," ಎಂದೆ. "ಒಳಗೆ ಬನ್ನಿ. ಅದೇ ಥರದ್ದು ಐತೆ."