ಸುಶೀಲವ್ವನ ಆಮೆಯ ಶ್ರಾವಣದ ಉಪವಾಸ

ಶ್ರಾವಣ ಬಂತು. ಬ್ಯಾಡಗಿಯ ಸುಶೀಲವ್ವನ ಮನೆಯ ಆಮೆ ತಿನ್ನುವುದನ್ನೇ ಬಿಟ್ಟಿತು. ಮಂಡಕ್ಕಿ ಹಾಕಿದರೆ ಮೂಸಲಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿ ಹಾಕಿದರೆ ತಲೆ ಒಳಗೆ ಎಳೆದುಕೊಂಡಿತು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಸುಶೀಲವ್ವ ಹಿಗ್ಗಿದಳು.

"ನಮ್ಮ ಆಮಿ ಶ್ರಾವಣದ ಉಪಾಸ ಹಿಡದೈತ್ರೆವ್ವಾ! ಕಣ್ಣ ಮುಚ್ಚಿ ಧ್ಯಾನಕ್ಕ ಕುಂತೈತಿ," ಎಂದು ಮಹಿಳಾ ಸಂಘದಲ್ಲಿ ಹೇಳಿದಳು.

ಕಣ್ಣಿನ ಹಿಂದೆ ಕೆಂಪು ಪಟ್ಟಿಯಿದ್ದ ಆ ಆಮೆಯನ್ನು ಮಗ ಶಶಿಕಾಂತ ಹಾವೇರಿಯ ಮೀನಿನ ಅಂಗಡಿಯಿಂದ ತಂದಿದ್ದ. ಸುಶೀಲವ್ವ ಅದನ್ನು ದೇವರ ಮನೆಯಲ್ಲಿ ತಾಮ್ರದ ಬೋಗುಣಿಯಲ್ಲಿ ಇಟ್ಟು, ಬೆನ್ನಿಗೆ ವಿಭೂತಿ ಹಚ್ಚಿದ್ದಳು. ಈಗ ಓಣಿಯ ಹೆಂಗಸರು ಬಂದು ಕೈ ಮುಗಿದು ಹೋಗತೊಡಗಿದರು.

ಪಕ್ಕದ ಮನೆಯ ಮೈಲವ್ವ ಕೈ ಮುಗಿಯಲಿಲ್ಲ. ಆಡು, ಕೋಳಿ ಸಾಕಿದ ಹೆಂಗಸು. ಆಮೆಯನ್ನು ಎತ್ತಿ, ತಿರುಗಿಸಿ ನೋಡಿದಳು.

"ಧ್ಯಾನ ಅಲ್ಲ ಬಿಡು ಇದು. ಕಣ್ಣ ಬಾತಾವ. ಚಿಪ್ಪ ಮೆತ್ತಗಾಗೈತಿ. ಉಪಾಸ ಅಂದ್ರ ನಿಂದು, ಸೋಮವಾರ ಎರಡ ತಾಟ ಸಾಬೂದಾಣಿ ಬಾರಸ್ತಿ. ಇದಕ್ಕ ಅದೂ ಇಲ್ಲ."

"ನಾಕ ಮಂದಿ ನಮ್ಮನಿಗೆ ಬರಾಕತ್ತಾರಂತ ನಿನಗ ಹೊಟ್ಟಿಕಿಚ್ಚು."

"ಹೊಟ್ಟಿಕಿಚ್ಚರ ಅನ್ನು, ಏನರ ಅನ್ನು. ನನ್ನ ಆಡು ಒಂದ ಹೊತ್ತು ಮೇವು ಬಿಟ್ಟರ ದವಾಖಾನಿಗೆ ಓಡತೇನಿ. ಇದು ಸತ್ತರ ಆ ನಾಕ ಮಂದಿಗೆ ಏನ ಹೇಳ್ತಿ?"

ಆ ಮಾತು ನಾಟಿತು. ಮರುದಿನ ಆಮೆಯನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟುಕೊಂಡು ಇಬ್ಬರೂ ರಾಣೆಬೆನ್ನೂರಿನ ಬಸ್ ಹತ್ತಿದರು.

ಅಲ್ಲಿಯ ದವಾಖಾನೆಯ ಪಶು ವೈದ್ಯೆ ಅಂಜಲಿ ಎಲ್ಲ ಕೇಳಿಕೊಂಡರು. "ಅಮ್ಮಾರ, ಆಮಿಗೆ ತನ್ನ ಮೈ ತಾನ ಬೆಚ್ಚಗ ಮಾಡ್ಕೊಳ್ಳಾಕ ಬರಂಗಿಲ್ರಿ. ಬಿಸಲು ಬೇಕು. ನೀವು ಕತ್ತಲ್ಯಾಗ, ತಣ್ಣನ ನೀರಾಗ ಇಟ್ಟೀರಿ. ಮೈ ತಣ್ಣಗಾದ್ರ ಹಸಿವು ಸಾಯತೈತಿ. ಮಂಡಕ್ಕಿ, ಹಾಲು, ರೊಟ್ಟಿ ಅದರ ಊಟ ಅಲ್ಲ. ಅದಕ್ಕ ಚಿಪ್ಪ ಮೆತ್ತಗಾಗೈತಿ. ತಾಮ್ರದ ಬೋಗುಣಿನೂ ಬ್ಯಾಡ್ರಿ, ತಾಮ್ರ ನೀರಾಗ ಬಿಟ್ಟು ಅದಕ್ಕ ತ್ರಾಸ ಆಗತೈತಿ."

"ಮತ್ತ ಏನ ಹಾಕೂದ್ರಿ?"

"ಅಂಗಡ್ಯಾಗ ಆಮಿಗಂತನ ಸಿಗೋ, ಗುಳಿಗಿಯಂಥ ಒಣ ಕಾಳು. ಅದರ ಜೊತಿಗೆ ದಾಸವಾಳದ ಎಲಿ, ಗಜ್ಜರಿ, ಕುಂಬಳಕಾಯಿ. ಕಾಳಿನ್ಯಾಗ ಮೀನಿನ ಪುಡಿ ಇರತೈತ್ರಿ."

"ಶಿವಾ ಶಿವಾ! ನಮ್ಮನ್ಯಾಗ ತತ್ತಿ ಸುದ್ದಾ ಬರಂಗಿಲ್ಲ!"

"ತಿನ್ನಾಕಿ ನೀನೇನು?" ಎಂದಳು ಮೈಲವ್ವ. "ಆಮಿಗೂ ಲಿಂಗ ಕಟ್ಟೀಯೇನು?"

ವೈದ್ಯೆ ನಕ್ಕರು. ಸುಶೀಲವ್ವ ನಗಲಿಲ್ಲ. ಆಮೆಯ ಬಾತ ಕಣ್ಣನ್ನೇ ನೋಡುತ್ತ ಕುಳಿತಳು. ಕೊನೆಗೆ ಹೇಳಿದಳು: "ಬದುಕಿದ್ರ ಸಾಕು. ಅಂಗಳದಾಗ ಇಡತೇನಿ. ಆ ಕಾಳಿನ ಡಬ್ಬಿ ಮೈಲವ್ವನ ಮನ್ಯಾಗ ಇರ್ಲಿ. ಆಕಿನ ಹಾಕ್ಲಿ."

"ಹಾಕ್ತೇನಿ ಬಿಡು. ನನ್ನ ಕೈಗೆ ಯಾವ ಮಡಿ!"

ವೈದ್ಯೆ ಇಂಜೆಕ್ಷನ್ ಕೊಟ್ಟು, ಕಣ್ಣಿಗೆ ಔಷಧಿ ಬರೆದರು. ಅಂಗಳಕ್ಕೆ ದೊಡ್ಡ ಪ್ಲಾಸ್ಟಿಕ್ ಟಬ್ ಬಂತು. ಈಜುವಷ್ಟು ನೀರು, ಮೇಲೇರಿ ಮೈ ಒಣಗಿಸಿಕೊಳ್ಳಲು ಚಪ್ಪಟೆ ಕಲ್ಲು, ಅರ್ಧ ಬಿಸಿಲು, ಅರ್ಧ ನೆರಳು. ಮೋಡ ಕವಿದ ದಿನಕ್ಕೆಂದು ಶಶಿಕಾಂತ ವೈದ್ಯೆ ಹೇಳಿದ ಬಿಸಿ ದೀಪವನ್ನೂ, ಚಿಪ್ಪು ಗಟ್ಟಿಯಾಗಲು ಬಿಸಿಲಿನ ಬದಲಿಗೆ ಯುವಿ ದೀಪವನ್ನೂ ಮೇಲೆ ಕಟ್ಟಿದ.

ಕೆಲವು ದಿನ ಆಮೆ ಅಲ್ಲಾಡಲಿಲ್ಲ. ಸುಶೀಲವ್ವ ಅಕ್ಕಿ ಹಸನು ಮಾಡುವ ಕೆಲಸವನ್ನೂ ಟಬ್ಬಿನ ಪಕ್ಕಕ್ಕೇ ತಂದಳು. ಒಂದು ಮುಂಜಾನೆ ಆಮೆ ಕಣ್ಣು ಬಿಟ್ಟಿತು. ಕಲ್ಲು ಹತ್ತಿತು, ಹಿಂಗಾಲು ಚಾಚಿ ಬಿಸಿಲು ಕಾಯಿತು. ಆಮೇಲೆ ನೀರಿಗಿಳಿದು ದಾಸವಾಳದ ಎಲೆಗೆ ಬಾಯಿ ಹಾಕಿ ಜಗ್ಗಿತು.

"ಏ ಮೈಲವ್ವಾ, ಲಗೂ ಬಾ! ತಿನ್ನಾಕತ್ತೈತಿ!"

ಮುಂದಿನ ಸಂಘದ ಸಭೆಯಲ್ಲಿ ಒಬ್ಬಳು ಕೇಳಿದಳು, "ಉಪಾಸ ಹೆಂಗ ನಡದೈತ್ರಿ ಆಮಿದು?"

ಸುಶೀಲವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಉಪಾಸ ಅಲ್ಲವ್ವಾ ಅದು, ಜಡ್ಡು. ತಿಳೀದ ಮೆರದೆ. ಸೋಮವಾರದ ಉಪಾಸ ನಂದು, ಆಮಿದಲ್ಲ! ಈಗ ಬರ್ರಿ ಮನಿಗೆ, ಹೆಂಗ ಉಣತೈತಿ ನೋಡ್ರಿ. ಬ್ಯಾಡಗ್ಯಾಗ ಹಂತಾ ಆಮಿ ಇನ್ನೊಂದಿಲ್ಲ! ಆದ್ರ ಮುಟ್ಟಿದಾಕಿ ಸಾಬಾಣ ಹಚ್ಚಿ ಕೈ ತೊಳೀಬೇಕು. ಇಲ್ಲಂದ್ರ ನನ್ನ ಮನ್ಯಾಗ ಚಾ ಇಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಅಂಗಡಿಯಿಂದ ತಂದ ಆಮೆ ಇರಬಹುದು. ಅದು ತಿನ್ನದಿದ್ದರೆ ದೈವಭಕ್ತಿ ಎಂದುಕೊಳ್ಳಬೇಡಿ, ಹಠ ಎಂದೂ ಬಿಡಬೇಡಿ. ಬಿಸಿಲು ಸಿಗುತ್ತಿದೆಯೇ, ನೀರು ಶುದ್ಧವಿದೆಯೇ, ಹಾಕುವುದು ಅದರ ಊಟವೇ ನೋಡಿ, ತಡಮಾಡದೆ ಪಶು ವೈದ್ಯರ ಹತ್ತಿರ ಹೋಗಿ. ಆಮೆಯ ಮೈಯಲ್ಲಿ, ನೀರಲ್ಲಿ ನಮಗೆ ಹೊಟ್ಟೆಯ ಕಾಯಿಲೆ ತರುವ ರೋಗಾಣು ಇರಬಹುದು; ಮುಟ್ಟಿದರೆ ಕೈ ತೊಳೆಯಿರಿ, ಅಡುಗೆಯ ಪಾತ್ರೆ ತೊಳೆಯುವ ಕಡೆ ಅದರ ಟಬ್ ತೊಳೆಯಬೇಡಿ. ಸಾಕಲಾಗದಿದ್ದರೆ ವೈದ್ಯರನ್ನು ಕೇಳಿ; ತುಂಗಭದ್ರೆಗೆ ಬಿಡಬೇಡಿ, ಅಲ್ಲಿಯ ಆಮೆಗಳ ಬದುಕಿಗೆ ಕುತ್ತು. ಹೊಳೆಯ ಆಮೆಯನ್ನಂತೂ ಮನೆಗೆ ತರಲೇಬೇಡಿ, ಅದಕ್ಕೆ ಕಾನೂನಿನ ತಡೆಯಿದೆ.

ಇವತ್ತು ನಿಮ್ಮ ಆಮೆ ಏನು ತಿಂದಿತು? ಗೊತ್ತಿಲ್ಲವಾದರೆ ಈ ಹಾಳೆ ಕೆಳಗಿಟ್ಟು, ಮೊದಲು ಹೋಗಿ ನೋಡಿ ಬನ್ನಿ.