ಗಡಿಯಾರದ ಅಣ್ಣನ ಎಡಗಣ್ಣು

ನಮ್ಮ ಬೀದೀಲಿ ಗಡಿಯಾರ ರಿಪೇರಿ ಮಾಡೋ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಯ್ತು. ಪಕ್ಕದ ಇಸ್ತ್ರಿ ಅಂಗಡಿ ನಂದು. ನನಗೂ ಅದೇ ಕಾಯಿಲೆ. ನನ್ನನ್ನ ಮಗಳು ವರ್ಷಾವರ್ಷ ಕಣ್ಣಾಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನನ್ನ ಎಳೆಯೋರು ಯಾರೂ ಇಲ್ಲ, ಪಾಪ.

"ಅಣ್ಣಾ, ಕಣ್ಣು ತೋರಿಸಿದ್ರಾ?" ಅಂದೆ ಒಂದಿನ.

"ಕೂದಲಿನಂಥ ಸ್ಪ್ರಿಂಗೂ ಕಾಣತ್ತೆ. ನನ್ನ ಕಣ್ಣಿಗೇನು ಧಾಡಿ?"

ಮೈ ಉರೀತು ನನಗೆ. ಇವರು ಭೂತಗನ್ನಡಿ ಸಿಕ್ಕಿಸೋದು ಬಲಗಣ್ಣಿಗೆ. ಎಡಗಣ್ಣು ಮುಚ್ಚಿರತ್ತೆ. ಅದು ಹೇಗಿದೆ ಅಂತ ಇವರಿಗೆ ಹೇಗೆ ಗೊತ್ತಾಗಬೇಕು?

"ಬಲಗಣ್ಣು ಮುಚ್ಚಿ, ಆ ಗೋಡೆ ಗಡಿಯಾರ ನೋಡಿ" ಅಂತ ಹಟ ಹಿಡಿದೆ.

ನೋಡಿದರು. ಮುಖ ಸಪ್ಪಗಾಯ್ತು. "ಮಧ್ಯದಲ್ಲಿ ಕಪ್ಪಗಿದೆಯಲ್ಲಮ್ಮಾ. ಮುಳ್ಳೇ ಕಾಣ್ತಿಲ್ಲ."

"ಏಳಿ, ಈಗಲೇ ಆಸ್ಪತ್ರೆಗೆ ಹೋಗಿ."

"ಹೋದ ವರ್ಷ ಬಾಗಿಲ ತನಕ ಹೋಗಿದ್ದೆ. ಕಣ್ಣಿಗೆ ಔಷಧಿ ಬಿಟ್ರೆ ಸ್ವಲ್ಪ ಹೊತ್ತು ಮಂಜಾಗತ್ತೆ, ಜೊತೆಗೊಬ್ಬರನ್ನ ಕರ್ಕೊಂಡು ಬನ್ನಿ ಅಂದ್ರು. ವಾಪಸ್ ಬಂದೆ." ದನಿ ಸಣ್ಣಗಾಯ್ತು. "ನಾನು ಯಾರನ್ನ ಕರ್ಕೊಂಡು ಹೋಗ್ಲಿ?"



"ಪಕ್ಕದಲ್ಲೇ ಗುಂಡುಕಲ್ಲಿನ ಹಾಗೆ ಇದೀನಲ್ಲ! ಬಾಯಿ ಬಿಟ್ಟು ಕೇಳಬಾರದಾ?" ಅಂತ ಬೈದು, ಇಸ್ತ್ರಿಪೆಟ್ಟಿಗೆ ಪ್ಲಗ್ ಕಿತ್ತು, ಅಣ್ಣನನ್ನ ಕರ್ಕೊಂಡು ಹೊರಟೆ.

ಡಾಕ್ಟರಮ್ಮ ಔಷಧಿ ಬಿಟ್ಟು, ಕಣ್ಣಿನ ಹಿಂಭಾಗದ ಫೋಟೋ ತೆಗೆದರು. "ಸಕ್ಕರೆ ಕಾಯಿಲೆಯಿಂದ ಎಡಗಣ್ಣಲ್ಲಿ ರಕ್ತ ಸೋರಿದೆ. ಚಿಕಿತ್ಸೆ ಕೊಡೋಣ, ಆದ್ರೆ ಹೋದ ದೃಷ್ಟಿ ಪೂರ್ತಿ ಬರತ್ತೆ ಅಂತ ಹೇಳಲಾರೆ. ಬಲಗಣ್ಣಲ್ಲೂ ತೊಂದರೆ ಶುರುವಾಗಿದೆ."

"ಅದರಲ್ಲಿ ಚೆನ್ನಾಗೇ ಕಾಣತ್ತಲ್ಲಾ?" ಅಂದರು ಅಣ್ಣ.

"ಕಾಣುವಾಗಲೇ ಹಿಡೀಬೇಕು. ಫೋಟೋ, ಸಕ್ಕರೆ, ಬಿಪಿ, ಎಷ್ಟು ವರ್ಷದ ಕಾಯಿಲೆ, ಎಲ್ಲಾ ಸೇರಿಸಿ ನೋಡಿದ್ರೆ ಯಾರ ಕಣ್ಣು ಬೇಗ ಕೆಡಬಹುದು ಅಂತ ಮೊದಲೇ ಅಂದಾಜು ಸಿಗತ್ತೆ. ನಿಮ್ಮದು ಬೇಗ ಕೆಡೋ ಲಕ್ಷಣ ಇದೆ. ವರ್ಷಕ್ಕೊಮ್ಮೆ ಸಾಲದು, ಹೇಳಿದಾಗೆಲ್ಲ ಬರಬೇಕು. ಸಕ್ಕರೆ, ಬಿಪಿ ಹತೋಟಿಯಲ್ಲಿಟ್ಟರೆ ಈ ಕಣ್ಣು ಉಳಿಸಿಕೊಳ್ಳೋ ಅವಕಾಶ ಚೆನ್ನಾಗಿದೆ."

"ನಾನು ಕರ್ಕೊಂಡು ಬರ್ತೀನಿ" ಅಂದೆ.

ಹೊರಗಿನ ಬಿಸಿಲಿಗೆ ಕಣ್ಣು ಬಿಡೋಕಾಗದೆ ಅಣ್ಣ ತಡವರಿಸಿದರು. ಕೈ ಹಿಡಿದುಕೊಂಡೆ. "ನನ್ನ ಕೈ ಯಾರಾದ್ರೂ ಹಿಡಿದು ಎಷ್ಟು ಕಾಲ ಆಯ್ತಮ್ಮಾ" ಅಂದರು. ನನಗೆ ಅಳು ತಡೆಯೋಕಾಗಲಿಲ್ಲ.

ಸಕ್ಕರೆ ಕಾಯಿಲೆ ಇರೋರೇ, ಎಷ್ಟೇ ಚೆನ್ನಾಗಿ ಕಂಡ್ರೂ ವರ್ಷಕ್ಕೊಮ್ಮೆಯಾದ್ರೂ ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡಿಸಿ. ಮತ್ತೆ ಯಾವಾಗ ಬರಬೇಕು ಅಂತ ಕೇಳಿಕೊಂಡೇ ಮನೆಗೆ ಬನ್ನಿ. ಉಳಿದೋರೇ, ನಿಮ್ಮ ಪಕ್ಕದಲ್ಲಿ ಒಬ್ಬರೇ ಇರೋರು ಇದ್ದಾರಾ? "ಹೋಗಿ ತೋರಿಸ್ಕೊಂಡು ಬನ್ನಿ" ಅಂತ ಬುದ್ಧಿ ಹೇಳಬೇಡಿ. "ನಡೀರಿ, ನಾನೂ ಬರ್ತೀನಿ" ಅನ್ನಿ.