ಬೋಳನ ಕೂದಲು

ಮೂರನೆಯ ಪೆಟ್ರಿ ತಟ್ಟೆಯೂ ಬೋಳಾಗಿಯೇ ಇತ್ತು. ಅವಳು ಅದನ್ನು ದೀಪದಡಿ ತಿರುಗಿಸಿ ನೋಡಿದಳು, ಮುಚ್ಚಿಟ್ಟಳು, ಕೈ ತೊಳೆದು ಬಂದು ಮತ್ತೆ ತೆಗೆದಳು. ಕಣ್ಣುಜ್ಜಿಕೊಂಡರೆ ಕೂದಲು ಮೂಡುವುದಿಲ್ಲವೆಂದು ಗೊತ್ತಿದ್ದರೂ ಉಜ್ಜಿಕೊಂಡಳು.

ತಟ್ಟೆಯಲ್ಲಿ ಬೆಳೆಸಿದ್ದ ಮಣ್ಣಿನ ಈ ಬ್ಯಾಕ್ಟೀರಿಯಾ ಎಳೆಎಳೆಯಾಗಿ ಹಬ್ಬಿ ಬದುಕುತ್ತದೆ. ಆಹಾರ ಮುಗಿಯುತ್ತ ಬಂದಾಗ ಮೇಲಕ್ಕೆ ಕೂದಲಿನಂಥ ಬಿಳಿ ನವಿರು ಎಬ್ಬಿಸುತ್ತದೆ. ಅದರ ತುದಿಯಲ್ಲಿ ಬೀಜಕಗಳು. ಐದು ವರ್ಷದ ಹಿಂದೆ ಅವಳು ಒಂದು ಜೀನ್ ಕಿತ್ತಾಗ ನವಿರು ಏಳುವುದೇ ನಿಂತುಹೋಯಿತು. ಪ್ರಯೋಗಾಲಯದವರೆಲ್ಲ ಅದನ್ನು ಬೋಳ ಎಂದೇ ಕರೆದರು. ಜೀನನ್ನು ವಾಪಸು ಸೇರಿಸಿದಾಗ ಬೋಳನ ತಲೆ ತುಂಬ ಕೂದಲು. ಆ ಸಾಕ್ಷಿಯ ಮೇಲೆ ಲೇಖನ, ಲೇಖನದ ಮೇಲೆ ಅವಳ ಪದವಿ. ಇವತ್ತು ಮಧ್ಯಾಹ್ನ ಅವಳ ಗೈಡ್ ಸರ್ ಲೇಖನವನ್ನು ಅಚ್ಚಿಗೆ ಕಳಿಸುವವರಿದ್ದರು.

ಎಡವಟ್ಟಾದದ್ದು ಲೇಖನದ ಫೋಟೋದ ಆಸೆಯಿಂದ. ಜೀನ್ ವಾಪಸು ಸೇರಿಸಿ ಸರಿಪಡಿಸಿದ್ದೂ ಜೀನ್ ಕೀಳದ ಸಹಜವಾದದ್ದೂ ಒಂದೇ ತಟ್ಟೆಯಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣಬೇಕೆಂದು ಸರ್ ಹೇಳಿದ್ದರು. ಅವಳು ಪ್ರತಿ ಸಲವೂ ಹಾಗೆಯೇ ಬೆಳೆಸಿದ್ದಳು. ಕಳೆದ ವಾರ ಸುಮ್ಮನೆ ಒಂಟಿಯಾಗಿ ಬೆಳೆಸಿದರೆ, ಸರಿಪಡಿಸಿದ್ದು ನುಣ್ಣಗೆ ಹೊಳೆಯಿತು. ಗಾಬರಿಯಾಗಿ, ಜೀನ್ ಸೇರಿಸದ ಅಸಲಿ ಬೋಳನನ್ನೇ ಸಹಜದ ಪಕ್ಕ ಇಟ್ಟಳು. ಅದಕ್ಕೂ ಕೂದಲು ಬಂತು. ಪಕ್ಕದ್ದು ಒಸರಿದ ಏನನ್ನೋ ಹೀರಿ ಬಂದದ್ದು. ಅವಳು ಸೇರಿಸಿದ ಜೀನ್ ಅಲ್ಲಿ ಮಾಡಿದ್ದು ಏನೂ ಇರಲಿಲ್ಲ. ಇವತ್ತಿನ ಮೂರು ತಟ್ಟೆಗಳು, ಸರಿಪಡಿಸಿದ್ದನ್ನು ಮತ್ತೊಮ್ಮೆ ಒಂಟಿಯಾಗಿ ಬೆಳೆಸಿ ನೋಡಿದವು.

ಗಾಜು ತೊಳೆಯುವ ಅಕ್ಕ ಡಬ್ಬದ ಗಾಡಿ ತಳ್ಳಿಕೊಂಡು ಬಂದರು. ಹಳೆಯ ತಟ್ಟೆಗಳನ್ನೆಲ್ಲ ಹಬೆಯಲ್ಲಿ ಬೇಯಿಸಿ ಬಿಸಾಡುವ ಹೊತ್ತು.

"ಏನಮ್ಮ, ನಿಮ್ಮ ಬೋಳಂಗೆ ಕೂದ್ಲು ಬಂತಾ? ಆ ಔಷಧಿ ಒಂಚೂರು ನಮ್ಮನೆಯವ್ರಿಗೂ ಕೊಡಿ."

ಅವಳ ನಗು ಅರ್ಧಕ್ಕೇ ನಿಂತಿತು. ಅಕ್ಕ ಮೇಜು ಖಾಲಿ ಮಾಡುತ್ತ, ಈ ಮೂರನ್ನೂ ಹಾಕಿಬಿಡಲೇ ಎಂದು ಕೇಳಿದರು. ಹೂಂ ಅಂದರೆ ಮುಗಿದುಹೋಗುತ್ತಿತ್ತು. ಬೇರೆ ಯಾರೂ ನೋಡಿರಲಿಲ್ಲ. ಅವಳು ಬಾಗಿಲವರೆಗೆ ಹೋದಳು, ಬಂದಳು, ಕಿಟಕಿ ತೆರೆದಳು, ಮುಚ್ಚಿದಳು.

"ಹಾಕಿ," ಎಂದಳು.

ಗಾಡಿ ಕಾರಿಡಾರಿನ ತಿರುವು ಮುಟ್ಟುವಷ್ಟರಲ್ಲಿ ಅವಳು ಅದರ ಹಿಂದೆ ಓಡಿದ್ದಳು. ಮೊಣಕೈವರೆಗೆ ಡಬ್ಬದೊಳಗೆ ಕೈಬಿಟ್ಟು ತಡಕಾಡುತ್ತಿದ್ದರೆ ಅಕ್ಕ ಅವಳ ರಟ್ಟೆ ಹಿಡಿದರು. "ಗ್ಲೌಸಾದ್ರೂ ಹಾಕ್ಕೊಳ್ಳೇ, ತಲೆ ಕೆಟ್ಟಿದ್ಯಾ ನಿಂಗೆ?" ಒಂದು ಒಡೆದಿತ್ತು. ಎರಡು ಸಿಕ್ಕವು.

ಸರ್ ಕೋಣೆಯಲ್ಲಿ ಲೇಖನದ ಕೊನೆಯ ಪುಟ ನೋಡುತ್ತಿದ್ದರು. ತಲೆಯೆತ್ತದೆ, ಕೃತಜ್ಞತೆಯ ಸಾಲಿನಲ್ಲಿ ಅವಳ ಅಮ್ಮನ ಹೆಸರೂ ಇರಲೇ ಎಂದು ವಿಚಾರಿಸಿದರು.

"ಸರ್, ಕಳಿಸ್ಬೇಡಿ. ಇದನ್ನ ಒಂಟಿಯಾಗಿ ಬೆಳೆಸಿದ್ದೆ."

ಅವರು ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದರು. ಇನ್ನೊಂದನ್ನೂ ಹಿಡಿದರು. ಅವಳು ಅಸಲಿ ಬೋಳನ ವಿಷಯವನ್ನೂ ಹೇಳಿದಳು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಎಲ್ಲ ಒಂದೇ ಉಸಿರಿಗೆ.

"ಪಕ್ಕಪಕ್ಕ ಇಡು ಅಂದಿದ್ದು ನಾನೇ ಅಲ್ವಾ?" ಎರಡೂ ತಟ್ಟೆಗಳನ್ನು ಲೇಖನದ ಮೇಲಿಡುತ್ತ ಕೇಳಿದರು.

"ಹೌದು ಸರ್."

ಅವರು ಎದ್ದು, ತಮ್ಮ ಕುರ್ಚಿಗೆ ತಾಗಿದ್ದ ಇನ್ನೊಂದು ಕುರ್ಚಿಯ ಮೇಲೆ ವರ್ಷಗಳಿಂದ ಕೂತಿದ್ದ ಪುಸ್ತಕಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸಿ ಅವಳಿಗೆ ಜಾಗ ಮಾಡತೊಡಗಿದರು.